‘ಗೆ’ಯ ಹೋಲಿಕೆ: ತುರ್ಕಿಕ್ ವಿಭಕ್ತಿ–ಸ್ವಾಮ್ಯ ಪ್ರತ್ಯಯಗಳೂ ವಿಜಯಪುರ ಸೀಮೆಯ ಕನ್ನಡವೂ

ಕಜಕ್ ಭಾಷೆಯಲ್ಲಿ ‘ಮನೆಗೆ’ ಎಂಬುದಕ್ಕೆ ‘ಉಯ್‌ಗೆ’ ಎಂದೂ ‘ಶಾಲೆಗೆ’ ಎಂಬುದಕ್ಕೆ ‘ಮೆಕ್ತೆಪ್‌ಕೆ’ ಎಂದೂ ಹೇಳುತ್ತಾರೆ. ಉಜ್ಬೆಕ್ ಭಾಷೆಯಲ್ಲಿ ‘ಮನೆಗೆ’ ಎಂದರೆ ‘ಉಯ್‌ಗ’. ಕನ್ನಡದ ಚತುರ್ಥೀ ವಿಭಕ್ತಿಯ ‘ಗೆ’, ‘ಕೆ’ಗಳನ್ನು ಬಲ್ಲವರಿಗೆ ಈ ರೂಪಗಳು ಅಚ್ಚರಿ ತರುವುದು ಸಹಜ. ವಿಜಯಪುರ ಜಿಲ್ಲೆಯ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಆಡುನುಡಿಯನ್ನು ಕೇಳಿದವರಿಗಂತೂ ಅಚ್ಚರಿ ಇಮ್ಮಡಿಸುತ್ತದೆ. ಇಲ್ಲಿ ‘ನನಗೆ’ ಎಂಬುದು ‘ನನಗ’ ಆಗುತ್ತದೆ, ‘ನಿನಗೆ’ ಎಂಬುದು ‘ನಿನಗ’ ಆಗುತ್ತದೆ. ಕಿವಿಗೆ ಬೀಳುವ ಮಟ್ಟಿಗೆ ಇದು ಉಜ್ಬೆಕ್‌ನ ‘ಗ’ಕ್ಕೆ ಇನ್ನೂ ಸಮೀಪ. ತುರ್ಕಿ ಮೂಲದ ಅರಸುಮನೆತನವೊಂದು ಸುಮಾರು ಇನ್ನೂರು ವರ್ಷ ಆಳಿದ ನೆಲವೂ ಇದೇ ಆಗಿರುವುದರಿಂದ, ಈ ಸೀಮೆಯ ಕನ್ನಡ ‘ತುರುಕರ ಬೆರಕೆ’ಯಿಂದ ಹೀಗಾಯಿತು ಎಂಬ ಮಾತು ಅಲ್ಲಲ್ಲಿ ಕೇಳಿಬರುತ್ತದೆ. ಆ ಮಾತಿನ ಹಿಂದೆ ಭಾಷೆಯ ಬಗೆಗಿನ ಕುತೂಹಲಕ್ಕಿಂತ, ಇಲ್ಲಿಯ ನುಡಿ ಶುದ್ಧವಲ್ಲ ಎಂಬ ತೀರ್ಮಾನವೇ ಹೆಚ್ಚಾಗಿರುತ್ತದೆ. ಆ ತೀರ್ಮಾನದ ಭಾರವನ್ನು ಹೊರುವವರು ತರಗತಿಯಲ್ಲಿ ‘ನನಗ’ ಎಂದು ಬಾಯ್ತೆರೆಯುವ ಮಕ್ಕಳು. ಆದ್ದರಿಂದ ಈ ಹೋಲಿಕೆಯ ಚರಿತ್ರೆಯನ್ನು ಒಮ್ಮೆ ನಿಧಾನವಾಗಿ ಪರಿಶೀಲಿಸುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

ಹೋಲಿಕೆಯನ್ನು ಗುರುತಿಸಿದವರಲ್ಲಿ ನಾವು ಮೊದಲಿಗರಲ್ಲ. ರಾಬರ್ಟ್ ಕಾಲ್ಡ್‌ವೆಲ್ ತಮ್ಮ ದ್ರಾವಿಡ ತುಲನಾತ್ಮಕ ವ್ಯಾಕರಣವನ್ನು 1856ರಲ್ಲಿ ಪ್ರಕಟಿಸಿದರು. ವಿಸ್ತೃತವಾದ ಎರಡನೆಯ ಆವೃತ್ತಿ 1875ರಲ್ಲಿ ಬಂದಿತು. ದ್ರಾವಿಡವನ್ನು ಸಂಸ್ಕೃತದಿಂದ ಬೇರ್ಪಟ್ಟ ಸ್ವತಂತ್ರ ಕುಟುಂಬವೆಂದು ಗಟ್ಟಿಯಾಗಿ ನೆಲೆಗೊಳಿಸಿದ ಆ ಗ್ರಂಥವೇ, ದ್ರಾವಿಡಕ್ಕೆ ಹೊರಗಿನ ನೆಂಟರನ್ನು ಹುಡುಕುವ ಕೆಲಸವನ್ನೂ ಮಾಡಿತು. ರಾಸ್ಮಸ್ ರಾಸ್ಕ್ ಬಳಸಿದ್ದ ‘ಸೈಥಿಯನ್’ ಎಂಬ ಹೆಸರನ್ನು ಎತ್ತಿಕೊಂಡು ತುರ್ಕಿ, ಮಂಗೋಲ್, ಫಿನ್ನಿಷ್, ಹಂಗೇರಿಯನ್ ಮೊದಲಾದವುಗಳನ್ನು ಒಂದೇ ಗುಂಪಿನಲ್ಲಿ ಇರಿಸಿ, ಅವುಗಳ ವಿಭಕ್ತಿ ಪ್ರತ್ಯಯಗಳ ಪಕ್ಕದಲ್ಲಿ ದ್ರಾವಿಡ ಪ್ರತ್ಯಯಗಳನ್ನು ಇಟ್ಟು ನೋಡಿದರು. ಮ್ಯಾಕ್ಸ್ ಮುಲ್ಲರ್ ಅದೇ ಕಾಲದಲ್ಲಿ ‘ಟುರೇನಿಯನ್’ ಎಂಬ ಇನ್ನೂ ದೊಡ್ಡ ಚೀಲವನ್ನು ಹೊಲಿದಿದ್ದರು. ಕಾಲ್ಡ್‌ವೆಲ್ಲರನ್ನು ಇಂದು ಹಳಿಯುವುದು ಸುಲಭ. ಆದರೆ ಅವರ ಕೈಯಲ್ಲಿದ್ದ ಸಾಮಗ್ರಿ ಎಷ್ಟೆಂಬುದನ್ನು ಮರೆಯಬಾರದು. ತುರ್ಕಿಕ್ ಭಾಷೆಗಳ ಅತಿ ಹಳೆಯ ದೀರ್ಘ ಪಠ್ಯಗಳಾದ ಓರ್ಖಾನ್ ಶಾಸನಗಳು 8ನೆಯ ಶತಮಾನದ ಪೂರ್ವಾರ್ಧದವು; ಅವುಗಳ ಲಿಪಿಯನ್ನು ವಿಲ್‌ಹೆಲ್ಮ್ ಥಾಮ್‌ಸನ್ ಬಿಡಿಸಿದ್ದು 1893ರಲ್ಲಿ. ಕಾಲ್ಡ್‌ವೆಲ್ ತೀರಿಕೊಂಡದ್ದು 1891ರಲ್ಲಿ. ಪ್ರಾಚೀನ ತುರ್ಕಿಕ್ಕನ್ನು ಕಾಣದೆಯೇ ತುರ್ಕಿಕ್ ಜೊತೆಗಿನ ಹೋಲಿಕೆಯನ್ನು ಅವರು ಬರೆಯಬೇಕಾಯಿತು. 20ನೆಯ ಶತಮಾನದಲ್ಲಿ ಬರ್ರೋ ಉರಾಲಿಕ್ ಕಡೆಗೂ, ಮೆಂಗೆಸ್ ಮತ್ತು ವಾಚೆಕ್ ಅಲ್ಟಾಯಿಕ್ ಕಡೆಗೂ ಇದೇ ದಾರಿಯನ್ನು ಮುಂದುವರಿಸಿದರು. ಕುಟುಂಬಸಂಬಂಧವು ಮಾತ್ರ ಸಿದ್ಧವಾಗಲಿಲ್ಲ.

ಈ ಬಗೆಯ ಹೋಲಿಕೆಯಲ್ಲಿ ನಮಗೆ ಮುಖ್ಯ ದೋಷವಾಗಿ ಕಾಣುವುದು ಪ್ರತ್ಯಯವನ್ನು ಅದರ ಮನೆಯಿಂದ ಹೊರಗೆಳೆದು ಒಂಟಿಯಾಗಿ ನಿಲ್ಲಿಸುವ ಕ್ರಮ. ತುರ್ಕಿಕ್ ನಾಮಪದದಲ್ಲಿ ವಿಭಕ್ತಿ ಒಂಟಿಯಾಗಿ ಬದುಕುವುದಿಲ್ಲ; ಅದರ ಎಡಕ್ಕೆ ಸ್ವಾಮ್ಯಸೂಚಕ ಪ್ರತ್ಯಯದ ಸ್ಥಾನವೊಂದಿದೆ. ತುರ್ಕಿಯೆಯ ತುರ್ಕಿ ಭಾಷೆಯಲ್ಲಿ ‘ಎವ್’ ಎಂದರೆ ಮನೆ. ‘ಎವ್-ಇಮ್’ ನನ್ನ ಮನೆ. ‘ಎವ್-ಇನ್’ ನಿನ್ನ ಮನೆ. ‘ಎವ್-ಇ’ ಅವನ ಅಥವಾ ಅವಳ ಮನೆ. ‘ಎವ್-ಲೆರ್-ಇಮ್-ದೆ’ ಎಂದರೆ ನನ್ನ ಮನೆಗಳಲ್ಲಿ: ಪ್ರಕೃತಿ, ಬಹುವಚನ, ಸ್ವಾಮ್ಯ, ವಿಭಕ್ತಿ ಎಂಬ ಕ್ರಮ ತಪ್ಪುವುದಿಲ್ಲ. ಕನ್ನಡದ ‘ಮನೆ-ಗಳ್-ಅಲ್ಲಿ’ ಇದೇ ಸಾಲನ್ನು ಅನುಸರಿಸುತ್ತದೆ, ಆದರೆ ನಡುವಣ ಸ್ವಾಮ್ಯದ ಕೋಣೆ ಇಲ್ಲಿ ಇಲ್ಲವೇ ಇಲ್ಲ. ‘ನನ್ನ’ ಎಂಬುದು ಬೇರೆ ಪದವಾಗಿ ಮುಂದೆ ನಿಲ್ಲುತ್ತದೆ. ಈ ಕೋಣೆಯ ಇರವು ಚತುರ್ಥಿಯ ರೂಪವನ್ನೇ ಬದಲಿಸುತ್ತದೆ. ಕಜಕ್‌ನಲ್ಲಿ ‘ಮನೆಗೆ’ ಎಂಬುದು ‘ಉಯ್-ಗೆ’ ಆದರೂ ‘ನನ್ನ ಮನೆಗೆ’ ಎಂಬುದು ‘ಉಯ್-ಇಮ್-ಎ’, ‘ಅವನ ಮನೆಗೆ’ ಎಂಬುದು ‘ಉಯ್-ಇ-ನೆ’. ಸ್ವಾಮ್ಯಪ್ರತ್ಯಯದ ಮುಂದೆ ಆ ‘ಗ’ಕಾರವೇ ಮಾಯವಾಗುತ್ತದೆ. ಕನ್ನಡದೊಡನೆ ಹೋಲಿಕೆಗೆ ಆಧಾರವಾದ ವ್ಯಂಜನ ತನ್ನ ಸ್ವಂತ ಮನೆಯಲ್ಲೇ ಅರ್ಧ ಹೊತ್ತು ಇರುವುದಿಲ್ಲ ಎಂದಾಗ, ಒಂದು ಕಾಲಂನಿಂದ ಎತ್ತಿದ ರೂಪ ಏನನ್ನು ಸಾಧಿಸೀತು?

‘ಗೆ’–‘ಕೆ’ಗಳ ಪರ್ಯಾಯವೂ ಹೊರಗಿನಿಂದ ನೋಡಿದಾಗ ಮಾತ್ರ ಒಂದೇ. ಕಜಕ್‌ನಲ್ಲಿ ಯಾವ ರೂಪ ಬರಬೇಕೆಂಬುದನ್ನು ಪ್ರಕೃತಿಯ ಸ್ವರ ಹಾಗೂ ಕೊನೆಯ ಧ್ವನಿ ನಿರ್ಧರಿಸುತ್ತವೆ. ಸ್ವರಸಾಮರಸ್ಯದಿಂದಾಗಿ ‘ಗೆ’ಯ ಜೊತೆ ‘ಗಾ’ ಇದೆ, ಅಘೋಷ ವ್ಯಂಜನದ ಮುಂದೆ ‘ಕೆ’, ‘ಕಾ’ ಇವೆ. ಕನ್ನಡದಲ್ಲಿ ನಿರ್ಧಾರ ಪ್ರಕೃತಿಯ ವರ್ಗದ್ದು: ಅಕಾರಾಂತ ನಪುಂಸಕಕ್ಕೆ ‘ಮರಕ್ಕೆ’, ಅಕಾರಾಂತ ಪುಲ್ಲಿಂಗಕ್ಕೆ ‘ಅರಸನಿಗೆ’, ಉಕಾರಾಂತಕ್ಕೆ ‘ಊರಿಗೆ’. ಮರವೂ ಅರಸನೂ ಅಕಾರದಲ್ಲಿಯೇ ಮುಗಿದರೂ ಲಿಂಗಭೇದದಿಂದ ಪ್ರತ್ಯಯ ಬೇರೆಯಾಗುತ್ತದೆ. ತುರ್ಕಿಕ್ ಭಾಷೆಗಳಲ್ಲಿ ವ್ಯಾಕರಣಲಿಂಗವೆಂಬುದೇ ಇಲ್ಲ.

ಇನ್ನು ಕಾಲದ ಮಾತು. ದ್ರಾವಿಡದ ಒಳಗೆ ನೋಡಿದರೆ ತಮಿಳು, ಮಲಯಾಳಂಗಳಲ್ಲಿ ‘ಕ್ಕು’, ತೆಲುಗಿನಲ್ಲಿ ‘ಕು/ಕಿ’, ತುಳುವಿನಲ್ಲಿ ‘ಗು/ಕು’ ಇವೆ. ಇವುಗಳಿಂದ ಊಹಿಸಬಹುದಾದ ಮೂಲರೂಪದಲ್ಲಿ ದ್ವಿತ್ವ ‘ಕ್ಕ್’ ಇದೆ. ಕನ್ನಡದ ಘೋಷ ‘ಗ’ವೂ ಎಕಾರವೂ ಕನ್ನಡದ ಸ್ವಂತ ಬೆಳವಣಿಗೆ. ಅಂದರೆ ‘ಗೆ’ಯು ಕಜಕ್ ‘ಗೆ’ಗೆ ಇಷ್ಟು ಹತ್ತಿರವಾಗಿ ಕಾಣುವುದು ಅದರ ಇಂದಿನ ರೂಪದಿಂದಾಗಿಯೇ, ಹಿಂದಕ್ಕೆ ಹೋದಂತೆ ಹೋಲಿಕೆ ಸಡಿಲವಾಗುತ್ತದೆ. ನಿಜವಾದ ನೆಂಟಸ್ತಿಕೆಯಲ್ಲಿ ಆಗಬೇಕಾದದ್ದು ಇದರ ತಿರುವುಮುರುವು. ಎರವಲಿನ ವಾದವಂತೂ ಕಾಲದ ಮುಂದೆ ನಿಲ್ಲುವುದಿಲ್ಲ. ಸಾಮಾನ್ಯವಾಗಿ 5ನೆಯ ಶತಮಾನಕ್ಕೆ ಸೇರಿಸಲಾಗುವ ಹಲ್ಮಿಡಿ ಶಾಸನದಲ್ಲಿಯೇ ‘ಅರಸಂಗೆ’ ಎಂಬ ರೂಪವಿದೆ. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ‘ಗೆ’ಯನ್ನು ಚತುರ್ಥಿಯ ಪ್ರತ್ಯಯವಾಗಿ ಹೇಳುವ ಹೊತ್ತಿಗೆ ವಿಜಯಪುರದಲ್ಲಿ ತುರ್ಕಿ ಅರಸರ ಸುಳಿವೂ ಇರಲಿಲ್ಲ.

‘ನನಗ’ದ ಅಕಾರ ಎಲ್ಲಿಂದ ಬಂತೆಂಬುದಕ್ಕೂ ಮಧ್ಯ ಏಷ್ಯಕ್ಕೆ ಹೋಗಬೇಕಾಗಿಲ್ಲ. ಇದೇ ಆಡುನುಡಿಯಲ್ಲಿ ‘ಯಾಕೆ’ ಎಂಬುದು ‘ಯಾಕ’, ‘ಹೇಗೆ’ ಎಂಬುದು ‘ಹೆಂಗ’, ‘ಹಾಗೆ’ ಎಂಬುದು ‘ಹಂಗ’. ಪದಾಂತ್ಯದ ಎಕಾರ ಈ ಬಗೆಯ ಪದಗಳಲ್ಲಿ ಅಕಾರವಾಗುವುದೂ, ‘ಮನೆ’, ‘ಕತ್ತೆ’ಗಳಂಥ ನಾಮಪದಗಳಲ್ಲಿ ಇಕಾರವಾಗಿ ‘ಮನಿ’, ‘ಕತ್ತಿ’ ಎನಿಸುವುದೂ ಉತ್ತರ ಕರ್ನಾಟಕದಲ್ಲಿ ವ್ಯಾಪಕವಾಗಿರುವ ಧ್ವನಿವ್ಯತ್ಯಾಸ. ಧಾರವಾಡದಲ್ಲೂ ‘ನನಗ’ವೇ. ಚತುರ್ಥಿಯ ಪ್ರತ್ಯಯಕ್ಕೆ ಇಲ್ಲಿ ಯಾವ ವಿಶೇಷವೂ ಆಗಿಲ್ಲ. ಪದಾಂತ್ಯಕ್ಕೆ ಆದದ್ದು ಅದಕ್ಕೂ ಆಗಿದೆ.

ಕಾಲ್ಡ್‌ವೆಲ್ಲರು ಹೆಚ್ಚು ಒತ್ತು ಕೊಟ್ಟ ಇನ್ನೊಂದು ಅಂಶ ಷಷ್ಠಿಯ ನಕಾರ. ತುರ್ಕಿಯಲ್ಲಿ ‘ಅಲಿ-ನಿನ್’, ಪೂರ್ವದ ತುರ್ಕಿಕ್ ಭಾಷೆಗಳಲ್ಲಿ ‘ನಿಂಗ್’, ಫಿನ್ನಿಷ್‌ನಲ್ಲಿ ‘ನ್’. ದ್ರಾವಿಡದಲ್ಲಿ ‘ಇನ್’, ‘ನಿ’. ಇದನ್ನು ಪರೀಕ್ಷಿಸಲು ನಮಗೆ ಒಂದು ತಾಲ್ಲೂಕಿನ ಹೆಸರೇ ಸಾಕು. ‘ಬಸವನ ಬಾಗೇವಾಡಿ’ಯಲ್ಲಿ ‘ಬಸವನ’ ಎಂಬುದು ಸ್ಪಷ್ಟ ಷಷ್ಠಿ. ಅಲ್ಲಿಯ ನಕಾರ ಷಷ್ಠಿಯದ್ದಲ್ಲ. ‘ಬಸವನ್’ ಎಂಬ ಪುಲ್ಲಿಂಗ ಪ್ರಕೃತಿಯದ್ದು. ಷಷ್ಠಿ ಎಂದರೆ ಅದಕ್ಕೆ ಹತ್ತಿದ ‘ಅ’ ಮಾತ್ರ. ‘ಊರಿನ’ ಎಂಬಲ್ಲಿಯ ನಕಾರ ಬೇರೆ, ಅದು ‘ಇನ್’ ಎಂಬ ಆಗಮಕ್ಕೆ ಸೇರಿದ್ದು. ಹಳಗನ್ನಡದಲ್ಲಿ ಆ ಆಗಮವಿಲ್ಲದ ‘ಊರ’ ಎಂಬ ರೂಪವೇ ಸಾಮಾನ್ಯ, ಈ ಸೀಮೆಯಲ್ಲಿ ಇಂದಿಗೂ ‘ಊರ ಮುಂದ’ ಎನ್ನುತ್ತಾರೆ. ಹೀಗೆ ಕನ್ನಡದ ಒಳಗೇ ಎರಡು ಬೇರೆ ಮೂಲಗಳಿಂದ ಬಂದ ನಕಾರಗಳನ್ನು ಒಂದುಗೂಡಿಸಿ, ಅದನ್ನು ತುರ್ಕಿಕ್‌ನ ಒಂದು ನಕಾರಕ್ಕೆ ಗಂಟು ಹಾಕಲಾಗಿತ್ತು. ತುರ್ಕಿಯ ಕಡೆಯೂ ಪರಿಸ್ಥಿತಿ ಸರಳವಲ್ಲ: ‘ಎವಿನ್’ ಎಂಬ ಒಂದೇ ಉಚ್ಚಾರ ‘ಮನೆಯ’ ಎಂಬ ಷಷ್ಠಿಯೂ ಹೌದು, ‘ನಿನ್ನ ಮನೆ’ ಎಂಬ ಸ್ವಾಮ್ಯರೂಪವೂ ಹೌದು.

ಹಾಗಾದರೆ ವಿಜಯಪುರಕ್ಕೆ ಬಂದ ತುರ್ಕಿ ಯಾವುದು? ಆದಿಲ್‌ಶಾಹಿಯ ಸ್ಥಾಪಕ ಯೂಸುಫ್ ಆದಿಲ್ ಖಾನ್ 1490ರ ಸುಮಾರಿಗೆ ಸ್ವತಂತ್ರನಾದ. ವಿಜಯಪುರದಲ್ಲಿಯೇ ಕುಳಿತು ಪಾರ್ಸಿಯಲ್ಲಿ ಇತಿಹಾಸ ಬರೆದ ಫಿರಿಷ್ತಾ ಆತನನ್ನು ಒಟ್ಟೊಮನ್ ಸುಲ್ತಾನ ಮುರಾದನ ಮಗನೆಂದೂ, ಇರಾನಿನ ಸಾವಾ ಪಟ್ಟಣದಲ್ಲಿ ಬೆಳೆದವನೆಂದೂ ವರ್ಣಿಸುತ್ತಾನೆ. ರಾಜವಂಶದ ಈ ಕತೆಯನ್ನು ಇತಿಹಾಸಕಾರರು ಬಹುಮಟ್ಟಿಗೆ ನಂಬುವುದಿಲ್ಲ. ಇರಾನಿನ ತುರ್ಕೊಮನ್ ಹಿನ್ನೆಲೆಯವನೆಂಬುದು ಇನ್ನೊಂದು ಅಭಿಪ್ರಾಯ. ನಮ್ಮ ಪ್ರಶ್ನೆಗೆ ಆ ವಿವಾದ ತೀರಬೇಕಾಗಿಲ್ಲ. ಒಟ್ಟೊಮನ್ನರ ಮಾತೂ ತುರ್ಕೊಮನ್ನರ ಮಾತೂ ಓಗುಜ್ ಶಾಖೆಗೇ ಸೇರಿದವು. ಆ ಶಾಖೆಯಲ್ಲಿ ಚತುರ್ಥಿಯ ‘ಗ’ಕಾರ ಆ ಹೊತ್ತಿಗಾಗಲೇ ಬಿದ್ದುಹೋಗಿತ್ತು. ಅಲ್ಲಿ ‘ಮನೆಗೆ’ ಎಂದರೆ ‘ಎವ್-ಎ’. ಯೂಸುಫನ ಪರಿವಾರ ತುರ್ಕಿಯನ್ನು ಎಷ್ಟೇ ಆಡಿದ್ದರೂ ‘ಗೆ’ಯನ್ನು ಅದು ತಂದಿರಲಾರದು, ತರಲು ಅವರ ಬಳಿ ಅದು ಇರಲಿಲ್ಲ. ‘ಗ’ಕಾರವನ್ನು ಉಳಿಸಿಕೊಂಡ ಚಗತಾಯಿ ಪರಂಪರೆಯ ತುರಾನಿ ಸರದಾರರು ದೊಡ್ಡ ಸಂಖ್ಯೆಯಲ್ಲಿ ಈ ಕಡೆಗೆ ಬಂದದ್ದು 1686ರಲ್ಲಿ ಔರಂಗಜೇಬ್ ವಿಜಯಪುರವನ್ನು ಗೆದ್ದ ಕಾಲದಲ್ಲಿ. ಅಷ್ಟರೊಳಗೆ ‘ಅರಸಂಗೆ’ಗೆ ಸಾವಿರಕ್ಕೂ ಮಿಕ್ಕಿ ವಯಸ್ಸಾಗಿತ್ತು.

ದರಬಾರಿನಲ್ಲಿ ತುರ್ಕಿಗೆ ಸಿಕ್ಕ ಕಾಲಾವಕಾಶವೂ ಕಿರಿದು. ಎರಡನೆಯ ಸುಲ್ತಾನ ಇಸ್ಮಾಯಿಲ್ (1510–1534) ತುರ್ಕಿ ಹಾಗೂ ಪಾರ್ಸಿಯ ಮಾತು, ಸಂಗೀತ, ನಡೆಗಳನ್ನು ದಖ್ಖನಿಗಿಂತ ಹೆಚ್ಚು ಇಷ್ಟಪಡುತ್ತಿದ್ದನೆಂದು ಫಿರಿಷ್ತಾ ಹೇಳುತ್ತಾನೆ. ಅವನ ನಂತರ ಬಂದ ಒಂದನೆಯ ಇಬ್ರಾಹಿಂ ಲೆಕ್ಕಪತ್ರಗಳನ್ನು ಪಾರ್ಸಿಯಿಂದ ದೇಶೀ ಭಾಷೆಗೆ ತಿರುಗಿಸಿದ. ಎರಡನೆಯ ಇಬ್ರಾಹಿಮನ ‘ಕಿತಾಬ್-ಎ-ನೌರಸ್’ ದಖ್ಖನಿಯಲ್ಲಿದೆ. ಒಂದು ತಲೆಮಾರಿನ ಮೇಲೆ ಅರಮನೆಯ ತುರ್ಕಿ ಉಳಿಯಲಿಲ್ಲ. ಸಿಂದಗಿಯ ರೈತ ಅದನ್ನು ಕೇಳಿರಬಹುದಾದ ಸಂದರ್ಭಗಳು ಇನ್ನೂ ಕಡಿಮೆ.

ಆದರೂ ತುರ್ಕಿಕ್ ಪ್ರತ್ಯಯಗಳು ಈ ನೆಲಕ್ಕೆ ಬರಲೇ ಇಲ್ಲ ಎಂದರೆ ತಪ್ಪಾದೀತು. ಬಂದವು, ಹೆಸರುಗಳ ಮತ್ತು ಪದವಿಗಳ ಒಳಗೆ ಅಡಗಿಕೊಂಡು. ಗೋಲ್ಕೊಂಡದ ಅರಸುಮನೆತನವನ್ನು ಸ್ಥಾಪಿಸಿದ ಸುಲ್ತಾನ್ ಕುಲಿಯ ಹೆಸರನ್ನು ನೋಡೋಣ. ‘ಕುಲ್’ ಎಂದರೆ ಆಳು. ‘ಕುಲ್-ಇ’ ಎಂಬಲ್ಲಿಯ ‘ಇ’ ಪ್ರಥಮಪುರುಷದ ಸ್ವಾಮ್ಯಪ್ರತ್ಯಯ. ‘ಸುಲ್ತಾನ್ ಕುಲಿ’ ಎಂದರೆ ‘ಸುಲ್ತಾನ, ಅವನ ಆಳು’. ‘ಅಲಿ ಕುಲಿ’, ‘ಇಮಾಂ ಕುಲಿ’ಗಳ ರಚನೆಯೂ ಇದೇ. ಇದೇ ಅರ್ಥವನ್ನು ಪಾರ್ಸಿಯ ರೀತಿಯಲ್ಲಿ ಹೇಳಿದಾಗ ‘ಗುಲಾಂ ಅಲಿ’ ಆಗುತ್ತದೆ; ಅಲ್ಲಿ ಆಳು ಮೊದಲು, ಒಡೆಯ ಆಮೇಲೆ, ನಡುವೆ ಇದ್ದ ಇಜಾಫೆಯ ‘ಇ’ ಆಡುಮಾತಿನಲ್ಲಿ ಸವೆದಿದೆ. ಕನ್ನಡ ಇವೆರಡರ ನಡುವೆ ನಿಲ್ಲುತ್ತದೆ: ‘ಅಲಿಯ ಆಳು’ ಎಂಬಲ್ಲಿ ಕ್ರಮ ತುರ್ಕಿಯದ್ದು, ಆದರೆ ಗುರುತು ಬೀಳುವುದು ಒಡೆಯನ ಮೇಲೆ, ಆಳಿನ ಮೇಲಲ್ಲ. ತುರ್ಕಿಯ ಪೂರ್ಣ ರಚನೆಯಲ್ಲಿ (‘ಅಲಿ-ನಿನ್ ಎವ್-ಇ’) ಎರಡರ ಮೇಲೂ ಗುರುತು ಬೀಳುತ್ತದೆ. ಸ್ವಾಮ್ಯವನ್ನು ಸೂಚಿಸುವ ಮೂರು ವಿಧಾನಗಳು ಒಂದೇ ಸೀಮೆಯ ಹೆಸರುಗಳಲ್ಲಿ ಅಕ್ಕಪಕ್ಕ ಬದುಕಿದವು, ಒಂದು ಇನ್ನೊಂದನ್ನು ಕದಲಿಸಲಿಲ್ಲ.

ವಿಜಯಪುರದ ಕೋಟೆಯ ಮೇಲಿನ ದೊಡ್ಡ ತೋಪು ಇದಕ್ಕೆ ಒಳ್ಳೆಯ ಸಾಕ್ಷಿ. 1549ರಲ್ಲಿ ಅಹ್ಮದ್‌ನಗರದಲ್ಲಿ ಅದನ್ನು ಎರಕ ಹೊಯ್ದವನು ಮುಹಮ್ಮದ್ ಬಿನ್ ಹುಸೇನ್ ರೂಮಿ. ‘ರೂಮಿ’ ಎಂಬುದೇ ಅವನು ಒಟ್ಟೊಮನ್ ಸೀಮೆಯವನೆಂಬುದನ್ನು ಸೂಚಿಸುತ್ತದೆ. ಎರಕದವನು ತುರ್ಕಿ, ಹೆಸರಿನ ವ್ಯಾಕರಣ ಪಾರ್ಸಿ: ‘ಮಲಿಕ್-ಇ-ಮೈದಾನ್’, ರಣರಂಗದ ಒಡೆಯ. ಇಂದು ‘ಮಲಿಕ್ ಮೈದಾನ್’ ಎಂದಾಗ ಕನ್ನಡದ ಕಿವಿ ಅದನ್ನು ಬಲದಿಂದ ಬಿಡಿಸುತ್ತದೆ. ‘ಮಲಿಕನ ಮೈದಾನ’ ಎಂಬ ಅರ್ಥವೇ ಮೊದಲು ಹೊಳೆಯುತ್ತದೆ. ಅದಕ್ಕಾಗಿಯೇ ಇರಬೇಕು, ‘ಮಲಿಕ್ ಮೈದಾನ್ ತೋಪು’ ಎಂದು ಕೊನೆಗೊಂದು ಪದ ಸೇರಿಸದೆ ಮಾತಿಗೆ ಸಮಾಧಾನವಾಗುವುದಿಲ್ಲ. ಆ ‘ತೋಪು’ ಎಂಬುದು ಮಾತ್ರ ತುರ್ಕಿ ಪದ. ‘ಖಜಾಂಚಿ’ಯ ‘ಚಿ’ ಕೂಡ ತುರ್ಕಿಕ್ ಕರ್ತೃಪ್ರತ್ಯಯವೇ. ಆದರೆ ಅದು ಸಿದ್ಧಪದದೊಳಗೆ ಕುಳಿತು ಬಂದಿತು. ಪಾರ್ಸಿಯ ‘ದಾರ’ ‘ಪಾಲುದಾರ’ನಲ್ಲಿ ಕನ್ನಡದ ಬೇರಿಗೇ ಹತ್ತಿಕೊಂಡಂತೆ ‘ಚಿ’ ಹತ್ತಿಕೊಳ್ಳಲಿಲ್ಲ.

ಎಲ್ಲಕ್ಕಿಂತ ಸೊಗಸಾದ ಪಳೆಯುಳಿಕೆ ‘ಬೇಗಂ’. ಹೆಚ್ಚಿನ ನಿಘಂಟುಕಾರರು ಇದನ್ನು ‘ಬೇಗ್’ ಎಂಬ ಗೌರವಪದಕ್ಕೆ ಉತ್ತಮಪುರುಷದ ಸ್ವಾಮ್ಯಪ್ರತ್ಯಯ ಸೇರಿದ ರೂಪವೆಂದು ಬಿಡಿಸುತ್ತಾರೆ. ‘ಖಾನ್’ನಿಂದ ‘ಖಾನಂ’ ಆದದ್ದೂ ಹಾಗೆಯೇ. ‘ಎವ್-ಇಮ್’ನಲ್ಲಿ ಕಂಡ ಅದೇ ಮಕಾರ. ಮುಹಮ್ಮದ್ ಆದಿಲ್ ಶಾಹನು ಜಹಾನ್ ಬೇಗಂಳ ನೆನಪಿಗಾಗಿ 1651ರಲ್ಲಿ ಕಟ್ಟಿಸಿದ ‘ಬೇಗಂ ತಲಾಬ್’ ಇಂದಿಗೂ ವಿಜಯಪುರದಲ್ಲಿದೆ. ಆ ಹೆಸರಿನ ಕೊನೆಯ ಅನುಸ್ವಾರದಲ್ಲಿ ‘ನನ್ನ’ ಎಂಬ ಅರ್ಥ ಯಾರಿಗೂ ಕೇಳಿಸದಂತೆ ಉಳಿದಿದೆ. ಫ್ರೆಂಚ್‌ನ ‘ನನ್ನ ಒಡತಿ’ ಎಂಬ ಪದ ಇಂಗ್ಲಿಷಿನ ಮೂಲಕ ಬಂದು ‘ಮೇಡಂ’ ಆಯಿತು. ಶಾಲೆಯ ಮಕ್ಕಳು ‘ಬೇಗಂ ಮೇಡಂ’ ಎಂದು ಕರೆಯುವಾಗ ಒಂದು ‘ನನ್ನ’ ಪದದ ಬಾಲದಲ್ಲಿ, ಇನ್ನೊಂದು ತಲೆಯಲ್ಲಿ ಇರುತ್ತದೆ.

ಇದನ್ನು ಪರಕೀಯ ವಿಚಿತ್ರವೆಂದು ಕರೆಯುವ ಮೊದಲು ‘ತಂದೆ’ಯನ್ನು ನೆನೆಯಬೇಕು. ಹಳೆಯ ತಮಿಳಿನಲ್ಲಿ ‘ಎಂದೈ’ ನನ್ನ ತಂದೆ, ‘ನುಂದೈ’ ನಿನ್ನ ತಂದೆ, ‘ತಂದೈ’ ಅವನ ತಂದೆ. ಕನ್ನಡದಲ್ಲಿ ಬಳಕೆಗೆ ನಿಂತದ್ದು ಮೂರನೆಯದು. ‘ತಂಗಿ’ಯಲ್ಲಿಯೂ ಅದೇ ‘ತನ್’ ಇದೆ. ಬಂಧುವಾಚಕಗಳಲ್ಲಿ ದ್ರಾವಿಡವು ಸ್ವಾಮ್ಯವನ್ನು ಮುಂದೆ ಹಚ್ಚಿ ಮರೆತಿತು, ತುರ್ಕಿಕ್ ಗೌರವಪದಗಳಲ್ಲಿ ಅದನ್ನು ಹಿಂದೆ ಹಚ್ಚಿ ಮರೆಯಿತು. ‘ನನ್ನ ತಂದೆ’ ಎನ್ನುವವನು ‘ನನ್ನ ತನ್ನಪ್ಪ’ ಎನ್ನುತ್ತಿದ್ದಾನೆ, ಅದರಿಂದ ಯಾರಿಗೂ ತೊಂದರೆಯಾಗಿಲ್ಲ. ಬಂಧುಪದಕ್ಕೆ ಸ್ವಾಮ್ಯ ಬೇಕೇಬೇಕೆಂಬ ಒಲವು ಇನ್ನೂ ಸತ್ತಿಲ್ಲವೆಂಬುದಕ್ಕೆ ಈ ಸೀಮೆಯ ‘ನಮ್ಮವ್ವ’, ‘ನಮ್ಮಪ್ಪ’ಗಳೇ ಸಾಕ್ಷಿ: ಒಬ್ಬನೇ ಮಗನಾದವನೂ ಬಹುವಚನದ ‘ನಮ್ಮ’ವನ್ನೇ ಹಚ್ಚುತ್ತಾನೆ.

ತುರ್ಕಿಕ್ ಮತ್ತು ಈ ಸೀಮೆಯ ಕನ್ನಡದ ನಡುವೆ ನಿಜವಾಗಿ ಹೋಲಿಸಬೇಕಾದದ್ದು, ನಮ್ಮ ಅಭಿಪ್ರಾಯದಲ್ಲಿ, ಪ್ರತ್ಯಯಗಳು ಹುಟ್ಟುವ ರೀತಿಯನ್ನು. ‘ಸಿಂದಗಿಯಲ್ಲಿ’ ಎನ್ನಲು ಇಲ್ಲಿ ‘ಸಿಂದಗ್ಯಾಗ’ ಎನ್ನುತ್ತಾರೆ; ‘ಊರಾಗ’, ‘ಹೊಲದಾಗ’, ‘ಮನ್ಯಾಗ’ ಎಲ್ಲೆಡೆ ಕೇಳುತ್ತವೆ. ‘ಮನಿಯೊಳಗ’ ಎಂಬ ಬಿಡಿಸಿದ ರೂಪವೂ ಅವರ ಬಾಯಲ್ಲೇ ಇರುವುದರಿಂದ ‘ಆಗ’ದ ಮೂಲ ಕಾಣಲು ಕಷ್ಟವಿಲ್ಲ: ಷಷ್ಠಿಯ ರೂಪ, ಅದರ ಮೇಲೆ ‘ಒಳ’ ಎಂಬ ನಾಮಪದ, ಅದರ ಮೇಲೆ ಚತುರ್ಥಿಯ ‘ಗೆ’. ಸ್ವಾಮ್ಯವೂ ಚತುರ್ಥಿಯೂ ಕೂಡಿ ಸಪ್ತಮಿಯಾದ ಕತೆ ಇದು. ತುರ್ಕಿಯಲ್ಲಿ ‘ಮನೆಯ ಒಳಗೆ’ ಎಂಬುದಕ್ಕೆ ‘ಎವ್-ಇನ್ ಇಚ್-ಇ-ನ್-ದೆ’: ಮನೆಯ, ಅದರ ಒಳ, ಅದರಲ್ಲಿ. ಒಳ ಎಂಬ ನಾಮಪದವನ್ನು ಷಷ್ಠಿಯ ಬಲಕ್ಕೆ ಇಟ್ಟು ಅದಕ್ಕೆ ವಿಭಕ್ತಿ ಹಚ್ಚುವ ಉಪಾಯ ಎರಡೂ ಕಡೆ ಒಂದೇ. ಆದರೆ ತುರ್ಕಿಯಲ್ಲಿ ‘ಇಚ್’ಗೆ ಅಂಟಿದ ಸ್ವಾಮ್ಯದ ‘ಇ’ ನಡುವೆ ಗೋಡೆಯಂತೆ ನಿಂತು, ಅದು ಇನ್ನೂ ಸ್ವತಂತ್ರ ಪದವೆಂಬುದನ್ನು ಕಾಯುತ್ತದೆ. ಕನ್ನಡದಲ್ಲಿ ಅಂಥ ಗೋಡೆ ಇಲ್ಲ. ಆದ್ದರಿಂದ ‘ಒಳಗೆ’ ಕರಗಿ ಎರಡಕ್ಷರದ ಪ್ರತ್ಯಯವಾಗಲು ಅಡ್ಡಿಯಾಗಲಿಲ್ಲ. ಕ್ರಿಯಾಪದ ಕೊನೆಗೆ ಬರುವ, ಪ್ರತ್ಯಯಗಳನ್ನು ಬಲಕ್ಕೆ ಪೋಣಿಸುವ ಭಾಷೆಗಳಲ್ಲಿ ಇಂಥ ಸಾದೃಶ್ಯಗಳು ನಂಟಿಲ್ಲದೆಯೂ ಹುಟ್ಟುತ್ತವೆ.

ಪ್ರಯೋಗದಲ್ಲಿಯೂ ಎರಡು ವ್ಯವಸ್ಥೆಗಳು ಬೇರೆ ದಾರಿ ಹಿಡಿದಿವೆ. ಒಡೆತನವನ್ನು ಹೇಳಲು ತುರ್ಕಿಯಲ್ಲಿ ‘ಎವ್-ಇಮ್ ವಾರ್’, ಅಂದರೆ ‘ನನ್ನ ಮನೆ ಇದೆ’ ಎನ್ನಬೇಕು. ಭಾರವೆಲ್ಲ ಸ್ವಾಮ್ಯಪ್ರತ್ಯಯದ ಮೇಲೆ. ಕನ್ನಡದಲ್ಲಿ ‘ನನಗ ಮನಿ ಐತಿ’. ಭಾರವೆಲ್ಲ ಚತುರ್ಥಿಯ ಮೇಲೆ. ಹಸಿವು, ನೋವು, ನೆನಪು, ಬೇಕು-ಬೇಡಗಳೆಲ್ಲ ಕನ್ನಡದಲ್ಲಿ ಆ ‘ಗೆ’ಯನ್ನೇ ಆಶ್ರಯಿಸುತ್ತವೆ. ‘ಹಸಿದಿದ್ದೇನೆ’ ಎನ್ನಲು ತುರ್ಕಿಯವನು ‘ನನ್ನ ಹೊಟ್ಟೆ’ಯನ್ನು ಮುಂದಿಟ್ಟರೆ, ಇಲ್ಲಿಯವನು ‘ನನಗ ಹೊಟ್ಟಿ ಹಸದೈತಿ’ ಎಂದು ತನ್ನನ್ನು ಚತುರ್ಥಿಯಲ್ಲಿಯೇ ಇರಿಸಿಕೊಳ್ಳುತ್ತಾನೆ.

ಸಂಪರ್ಕದಿಂದ ಈ ಭಾಗದ ಷಷ್ಠಿ ಬದಲಾಗಲೇ ಇಲ್ಲವೇ ಎಂದು ಕೇಳಿದರೆ, ಬದಲಾದ ಉದಾಹರಣೆ ಗಡಿಯಾಚೆಯ ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿದೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನ ಅಲ್ಲಿಯ ಕನ್ನಡ, ಮರಾಠಿ, ಉರ್ದುಗಳು ಒಂದಕ್ಕೊಂದು ಹೇಗೆ ಒಗ್ಗಿಕೊಂಡಿವೆ ಎಂಬುದನ್ನು ವಿವರಿಸಿತು. ಗ್ರಾಂಥಿಕ ಕನ್ನಡದಲ್ಲಿ ‘ನಿಮ್ಮ ಮನೆ’ ಎಂಬ ವಿಶೇಷಣಕ್ಕೂ ‘ಈ ಮನೆ ನಿಮ್ಮದು’ ಎಂಬ ಆಖ್ಯಾತಕ್ಕೂ ಬೇರೆ ರೂಪಗಳಿವೆ. ಮರಾಠಿ, ಉರ್ದುಗಳಲ್ಲಿ ಈ ಭೇದವಿಲ್ಲ. ಕುಪವಾಡದ ಕನ್ನಡ ಎರಡೂ ಕಡೆ ‘ನಿಮ್ದ’ ಎಂಬ ಒಂದೇ ರೂಪವನ್ನು ಬಳಸಿ ‘ಇದು ನಿಮ್ದ ಮನಿ ಐತಿ’ ಎಂಬ ಬಗೆಯ ವಾಕ್ಯವನ್ನು ಕಟ್ಟುತ್ತದೆ. ಗಮನಿಸಬೇಕಾದದ್ದೆಂದರೆ, ಇಲ್ಲಿ ಒಂದು ಪ್ರತ್ಯಯವೂ ಎರವಲಾಗಿಲ್ಲ. ‘ನಿಮ್’ ಕನ್ನಡದ್ದೇ, ‘ದು’ವೂ ಕನ್ನಡದ್ದೇ, ಬಂದದ್ದು ಬಳಕೆಯ ವಿನ್ಯಾಸ, ಅದೂ ಶತಮಾನಗಳ ಕಾಲ ಒಂದೇ ಬೀದಿಯಲ್ಲಿ ಬಾಳಿದ ನೆರೆಯವರಿಂದ. ಭೀಮಾ ತೀರದ ಇಂಡಿ, ಸಿಂದಗಿಗಳಲ್ಲಿ ದಖ್ಖನಿಯನ್ನೂ ಕನ್ನ­ಡವನ್ನೂ ಒಟ್ಟಿಗೆ ಆಡುವ ಮನೆಗಳಿವೆ, ಮರಾಠಿಯ ನೆರೆಯೂ ಇದೆ. ವಿಭಕ್ತಿಯ ಚರಿತ್ರೆಯನ್ನು ಕೈಗೆತ್ತಿಕೊಳ್ಳುವ ಸಂಶೋಧನಾರ್ಥಿಗಳು ‘ನನಗ’ವನ್ನು ಬಿಟ್ಟು ‘ನಂದ ಮನಿ’, ‘ನನ್ನ ಮನಿ’, ‘ನನಗ ಮನಿ’ಗಳ ಆಯ್ಕೆಯನ್ನು ಯಾರು ಯಾರೊಡನೆ ಮಾಡುತ್ತಾರೆ ಎಂಬುದನ್ನು ದಾಖಲಿಸತೊಡಗಿದರೆ, ಸಂಪರ್ಕದ ನಿಜವಾದ ಗುರುತುಗಳು ಅಲ್ಲಿ ಸಿಗಬಲ್ಲವು.